ಕಲ್ಲು ತವರಿಗೆ

ನಾನು ಸೊಸೆಯಾಗಿ ಬಂದ ಊರಿನಲ್ಲಿ ಕಲ್ಲು ತೊಳೆಯುತ್ತಿದ್ದರು. ದೇವರ ಕಲ್ಲಲ್ಲ, ಒರಳುಕಲ್ಲಲ್ಲ. ಹೊಳೆಯಲ್ಲಿ ಬಿದ್ದಿರುವ, ಯಾರಿಗೂ ಬೇಡದ ಗುಂಡುಕಲ್ಲು. ಬಿದಿರಿನ ಮಂಕರಿಗೆ ತುಂಬಿ, ಮಂಕರಿಯನ್ನು ನೀರಿನಲ್ಲಿ ಅದ್ದಿ, ಅಕ್ಕಿ ಜಾಲಿಸಿದ ಹಾಗೆ ಜಾಲಿಸಿ, ಕೆಸರೆಲ್ಲ ಬಿಟ್ಟ ಮೇಲೆ ತಲೆಯ ಮೇಲೆ ಹೊತ್ತು ಇನ್ನೊಂದು ಕಡೆ ಸುರಿಯುತ್ತಿದ್ದರು. ಮದುವೆಯಾಗಿ ಬಂದ ವರ್ಷ ಇದನ್ನು ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. "ಕಲ್ಲಿಗೂ ಎಣ್ಣೆನೀರಾ?" ಎಂದು ಕೇಳಿಬಿಟ್ಟೆ. ಜೊತೆಯಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ನಮ್ಮ ಅತ್ತೆ ನಗಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮುಂಚಿನ ಮಾತು. ಮದ್ದೂರು ದಾಟಿ ಮಳವಳ್ಳಿ ಕಡೆಗೆ ಇಳಿಯುವಾಗ ಶಿಂಷಾ ಹೊಳೆಯ ದಡದಲ್ಲಿ ನಮ್ಮ ಊರು. ವರ್ಷದಲ್ಲಿ ಎಂಟೊಂಬತ್ತು ತಿಂಗಳು ಆ ಹೊಳೆಯನ್ನು ಮೇಕೆಮರಿ ಕೂಡ ಹೊಟ್ಟೆ ನೆನೆಯದ ಹಾಗೆ ದಾಟುತ್ತದೆ. ಆದರೆ ಹಿಂಗಾರಿನಲ್ಲಿ, ಚಿತ್ತೆ, ಸ್ವಾತಿ ಮಳೆ ಹಿಡಿದು ಮೇಲುಸೀಮೆಯ ಕೆರೆಗಳು ಕೋಡಿ ಬಿದ್ದವೆಂದರೆ, ಅದೇ ಹೊಳೆ ಕೆಂಪಗೆ ಉಬ್ಬಿಕೊಂಡು ಬರುತ್ತದೆ. ಊರಿಗೆ ಎರಡು ಕೇರಿ. ಮೇಲಿನ ಕೇರಿ ದಿಬ್ಬದ ಮೇಲಿತ್ತು. ಅಲ್ಲಿಯವರಿಗೆ ಹೊಳೆಯೆಂದರೆ ಬಟ್ಟೆ ಒಗೆಯುವ ಜಾಗ, ಅಷ್ಟೆ. ಹೊಳೆಕೇರಿ ತಗ್ಗಿನಲ್ಲಿ. ನಮ್ಮ ಮನೆ ಹೊಳೆಕೇರಿಯಲ್ಲಿ. ಕೇರಿಗೂ ಹೊಳೆಗೂ ನಡುವೆ ಇದ್ದದ್ದು ನೊರಜುಕಲ್ಲಿನ ದಿಣ್ಣೆ ಒಂದೇ.

ಈ ದಿಣ್ಣೆಯನ್ನು ಯಾರೂ ಕಟ್ಟಿದ್ದಲ್ಲ. ಊರಿನ ಮೇಲುಗಡೆ ಹೊಳೆ ಒಂದು ಬಂಡೆಗೆ ಬಡಿದು ತಿರುಗುತ್ತದೆ. ತಿರುಗುವಲ್ಲಿ, ತಾನು ಹೊತ್ತು ತಂದ ಕಲ್ಲನ್ನು ಉಗುಳುತ್ತದೆ. ನಿಂಬೆಹಣ್ಣಿನ ಗಾತ್ರದಿಂದ ತೆಂಗಿನಕಾಯಿ ಗಾತ್ರದವರೆಗೆ, ಉರುಳಿ ಉರುಳಿ ನುಣ್ಣಗಾದ ಕಲ್ಲುಗಳ ಆ ರಾಶಿ ಕೇರಿಯ ಉದ್ದಕ್ಕೂ ಒಂದಾಳೆತ್ತರ ಬಿದ್ದುಕೊಂಡಿತ್ತು. ಪ್ರವಾಹ ಬಂದಾಗಲೆಲ್ಲ ನೀರು ದಿಣ್ಣೆಯ ತಲೆಯ ಕಲ್ಲನ್ನು ಎಳೆದು ಬಾಲಕ್ಕೆ ಒಯ್ದು ಹಾಕುತ್ತಿತ್ತು. ತಲೆ ಸವೆದರೆ ಹೊಳೆ ನೇರವಾಗಿ ಕೇರಿಗೆ ನುಗ್ಗುತ್ತದೆ. ಅದಕ್ಕೆ ಪ್ರತಿ ವರ್ಷ ಸಂಕ್ರಾಂತಿ ಕಳೆದು ಕಣದ ಕೆಲಸ ಮುಗಿದ ಮೇಲೆ ಬಾಲದ ಕಲ್ಲನ್ನು ಮತ್ತೆ ತಲೆಗೆ ಹೊತ್ತು ಹಾಕಬೇಕು. ಇದಕ್ಕೆ "ಕಲ್ಲು ತವರಿಗೆ ಕಳಿಸೋದು" ಎಂದು ಹೆಸರು. ಹೊಳೆಯ ಹಿಂದೆ ಗಂಡನ ಮನೆಗೆ ಹೋದ ಕಲ್ಲನ್ನು ತವರಿಗೆ ಕರೆತರುವುದು. ಕೆಲಸ ಮಾತ್ರ ಕೇರಿಯ ಸೊಸೆಯರದು. ನನ್ನನ್ನು ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೂ ತವರಿಗೆ ಕಳಿಸುತ್ತಿರಲಿಲ್ಲ; ಕಲ್ಲು ಮಾತ್ರ ತಪ್ಪದೆ ಹೋಗುತ್ತಿತ್ತು. ಈ ಹೊಟ್ಟೆಯುರಿಯನ್ನು ನಾನು ಮಂಕರಿ ಹೊರುತ್ತಲೇ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದೆ.

ಆ ಕೆಲಸಕ್ಕೆ ಅತ್ತೆಯ ಕಟ್ಟಳೆ ಎರಡೇ. "ತೊಳೀದೆ ಉಯ್ಬಾರ್ದು. ಉಯ್ದ ಮ್ಯಾಲೆ ಕೈ ಇಕ್ಬಾರ್ದು." ಅಂದರೆ ಕಲ್ಲನ್ನು ಮಣ್ಣು ಹೋಗುವ ತನಕ ಜಾಲಿಸಬೇಕು, ಸುರಿದ ಮೇಲೆ ಜೋಡಿಸಬಾರದು, ಅದು ಹೇಗೆ ಬಿದ್ದಿತೋ ಹಾಗೇ ಬಿಡಬೇಕು.

ನಾನು ದುದ್ದದ ಕಡೆಯವಳು. ನಮ್ಮಪ್ಪ ಅಲ್ಲಿ ಕೆರೆಯ ನೀರುಗಂಟಿ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು, ಏರಿ ನೋಡಿಕೊಳ್ಳುವುದು ಅವನ ಕೆಲಸ. ಏರಿಯಲ್ಲಿ ಇಲಿ ಬಿಲ ತೋಡಿದರೂ ಅವನಿಗೆ ಅಂಗಾಲಿನಲ್ಲೇ ಗೊತ್ತಾಗುತ್ತಿತ್ತು. ಜೇಡಿಮಣ್ಣು ಹೇಗೆ ಹದ ಮಾಡಬೇಕು, ದಿಮ್ಮಿಸೆಯಿಂದ ಹೇಗೆ ಬಡಿದು ಕೂರಿಸಬೇಕು, ಕಲ್ಲು ಎಲ್ಲಿ ಕಟ್ಟಬೇಕು ಎಲ್ಲವನ್ನೂ ನಾನು ಅವನ ಹಿಂದೆ ಓಡಾಡಿ ಕಲಿತಿದ್ದೆ. ಲೋವರ್ ಸೆಕೆಂಡರಿವರೆಗೆ ಓದಿಯೂ ಇದ್ದೆ. ಹೀಗಾಗಿ ನೀರಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಕೊಬ್ಬು ಇತ್ತು. ಕೊಬ್ಬು ಎಂದೇ ಹೇಳುತ್ತೇನೆ, ಬೇರೆ ಮಾತು ಹುಡುಕುವುದಿಲ್ಲ.

"ಯಾಕೆ ತೊಳೀಬೇಕು?" ಎಂದು ಅತ್ತೆಯನ್ನು ಕೇಳಿದೆ.

"ಮಣ್ಣು ಮೆತ್ಕೊಂಡ್ರೆ ಕಲ್ಲು ಉಳ್ಳಾಕಿಲ್ಲ ಕಣಮ್ಮಿ."

"ಕಲ್ಲು ಯಾಕೆ ಉರುಳಬೇಕು? ಉರುಳದೆ ಇದ್ದರೆ ಒಳ್ಳೆಯದಲ್ಲವಾ?"

"ಅದೆಲ್ಲ ನಂಗೊತ್ತಿಲ್ಲ. ನಮ್ಮತ್ತೆ ತೊಳೀತಿದ್ಲು, ನಾನು ತೊಳೀತೀನಿ. ನೀನೂ ತೊಳಿ."

ಇಂಥ ಉತ್ತರ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಕಾರಣ ಗೊತ್ತಿಲ್ಲದೆ ಮಾಡುವ ಕೆಲಸ ಕತ್ತೆಯದು ಎಂದು ಗಂಡನ ಹತ್ತಿರ ಗೊಣಗಿದೆ. ಅವರು "ತೊಳೆದರೆ ನಿನ್ನ ಕೈ ಸವೆಯುತ್ತದಾ?" ಎಂದು ಮಗ್ಗುಲಾದರು.

ಕೇರಿಯ ತುದಿಯಲ್ಲಿ, ದಿಣ್ಣೆಯ ತಲೆಗೆ ಅಂಟಿಕೊಂಡ ಹಾಗೆ ಇದ್ದ ಮೊದಲನೆಯ ಮನೆ ಒಬ್ಬ ಮುಸಲ್ಮಾನ ಕಸುಬುದಾರನದು. ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಿ ಏರಿಸುವುದರಲ್ಲಿ ಬೆಸಗರಹಳ್ಳಿಯಿಂದ ಮಳವಳ್ಳಿಯವರೆಗೆ ಅವನಂಥವನಿರಲಿಲ್ಲ. ಕೆಂಪಗೆ ಕಾದ ಪಟ್ಟಿಯನ್ನು ಚಕ್ರಕ್ಕೆ ಹಾಕಿದ ತಕ್ಷಣ ನೀರಿಗೆ ಉರುಳಿಸಬೇಕು, ಅದಕ್ಕೇ ಅವನ ತಾತ ಹೊಳೆಯ ಪಕ್ಕ ಮನೆ ಮಾಡಿದ್ದನಂತೆ. ಅವನ ಹೆಂಡತಿಯೂ ನಾನೂ ಹೆಚ್ಚು ಕಡಿಮೆ ಒಂದೇ ವರ್ಷ ಆ ಕೇರಿಗೆ ಬಂದವರು. ಅವಳೂ ನಮ್ಮ ಜೊತೆ ಕಲ್ಲು ಹೊರುತ್ತಿದ್ದಳು. ನನ್ನನ್ನು ಅಕ್ಕ ಎನ್ನುತ್ತಿದ್ದಳು. ನಾನು ಓದಿದವಳು ಎಂದು ಅವಳಿಗೆ ನನ್ನ ಮೇಲೆ ಬಹಳ ನಂಬಿಕೆ.

ಅವಳ ಹಿತ್ತಲಿನ ಸೂರಿನಡಿ ಇದ್ದ ಬಟ್ಟೆ ಒಗೆಯುವ ಕಲ್ಲೇ ಕೇರಿಗೆಲ್ಲ ಎಚ್ಚರಿಕೆಯ ಗಂಟೆ. ಹೊಳೆ ಏರಿದಾಗ ನೀರು ದಿಣ್ಣೆಯ ಸಂದುಗಳಲ್ಲಿ ಸೋಸಿಕೊಂಡು ಮೊದಲು ಆ ಕಲ್ಲಿನ ಬುಡದಲ್ಲಿ ಒಸರುತ್ತಿತ್ತು. ಅಲ್ಲಿ ಒದ್ದೆಯಾಯಿತೆಂದರೆ ಅತ್ತೆ ಕೂಗು ಹಾಕುತ್ತಿದ್ದರು. ಜನ ರಾಗಿಯನ್ನು ಅಟ್ಟಕ್ಕೇರಿಸಿ, ದನ, ಮಕ್ಕಳನ್ನು ಹಿಡಿದುಕೊಂಡು ಮೇಲಿನ ಕೇರಿಗೆ ಹೋಗುತ್ತಿದ್ದರು. ನೀರು ಕೇರಿಗೆ ಬರುತ್ತಿತ್ತು, ಪಾದ ಮುಳುಗುವಷ್ಟು, ಹೆಚ್ಚೆಂದರೆ ಮೊಣಕಾಲಿನಷ್ಟು; ಬಂದು, ಎರಡು ದಿನ ಕೂತು, ಹೋಗುತ್ತಿತ್ತು. ಗೋಡೆಗಳು ನಿಲ್ಲುತ್ತಿದ್ದವು. ಪ್ರತಿ ವರ್ಷ ಈ ರಾಗಿ ಏರಿಸುವ, ಕೆಸರು ಬಳಿಯುವ ರಾಮಾಯಣ ನೋಡಿ, ಇವರಿಗೆ ಒಂದು ನೆಟ್ಟಗಿನ ಏರಿ ಕಟ್ಟಿಕೊಳ್ಳುವ ಯೋಗ್ಯತೆ ಇಲ್ಲವಲ್ಲ ಎಂದು ನನಗೆ ಅನಿಸುತ್ತಿತ್ತು.

ಯುದ್ಧ ಶುರುವಾದ ಹೊಸತರಲ್ಲಿ ರಸ್ತೆ ಕೆಲಸಕ್ಕೆಂದು ಲಾರಿಗಳು ಹೊಳೆಗಿಳಿದವು. ನುಣ್ಣನೆಯ, ಒಡೆಯುವ ಕೆಲಸವೇ ಇಲ್ಲದ ಕಲ್ಲು ರಾಶಿ ಬಿದ್ದಿರುವುದನ್ನು ಕಂಡರೆ ಯಾರು ಬಿಡುತ್ತಾರೆ? ಗಂಡಸರು ಅಡ್ಡ ನಿಂತು ಕೂಗಾಡಿದರು. ಸರ್ಕಾರದ ಹೊಳೆ, ಸರ್ಕಾರದ ಕಲ್ಲು ಎಂಬ ಉತ್ತರ ಬಂತು. ಎರಡು ಬೇಸಿಗೆಯಲ್ಲಿ ಬಾಲದ ಕಲ್ಲೆಲ್ಲ ಖಾಲಿ. ತವರಿಗೆ ಕಳಿಸಲು ಕಲ್ಲೇ ಉಳಿಯಲಿಲ್ಲ. ಆ ವರ್ಷ ನೀರು ಸೊಂಟದ ತನಕ ಬಂದು ಮೂರು ಮನೆಗಳ ಗೋಡೆ ಕುಸಿಯಿತು.

ಅರಳೀಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. ಹೆಂಗಸರು ಅಲ್ಲಿ ಮಾತಾಡುವ ಹಾಗಿರಲಿಲ್ಲ. ಹಿಂದಿನ ದಿನವೇ ನಾನು ಗಂಡನಿಗೆ ಎಲ್ಲವನ್ನೂ ಹೇಳಿ, ಒಪ್ಪಿಸಿ ಕಳಿಸಿದ್ದೆ. ಕಲ್ಲು ಕಡಿಮೆ ಇದ್ದರೇನು, ಕೆರೆಯಿಂದ ಜೇಡಿಮಣ್ಣು ತಂದು ಉಳಿದ ಕಲ್ಲಿನ ಜೊತೆ ಕಲಸಿ ದಿಮ್ಮಿಸೆ ಹಾಕಿದರೆ ಗಟ್ಟಿ ಏರಿಯಾಗುತ್ತದೆ. ಮೇಲೆ ಗರಿಕೆ ಹಾಕಿದರೆ ಹನಿ ನೀರೂ ಒಳಗೆ ಬರುವುದಿಲ್ಲ. ಕೇಳಿದವರೆಲ್ಲ ತಲೆಯಾಡಿಸಿದರು. ಏಕೆಂದರೆ ನಮ್ಮ ಸೀಮೆಯಲ್ಲಿ ಏರಿ ಗೊತ್ತಿಲ್ಲದ ಗಂಡಸಿಲ್ಲ. ಊರೂರಿಗೂ ಕೆರೆ. ನೀರು ಎಂದರೆ ಮಣ್ಣು ಬಡಿದು ನಿಲ್ಲಿಸುವುದು, ಅಷ್ಟೇ ಎಲ್ಲರ ತಲೆಯಲ್ಲಿದ್ದದ್ದು. ಕೆರೆಯ ನೀರು ಕೂತ ನೀರು, ಹೊಳೆಯ ನೀರು ಓಡುವ ನೀರು ಎಂಬ ಭೇದ ಅಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಮನೆಗೆ ಸುದ್ದಿ ಬಂದಾಗ ಅತ್ತೆ ರಾಗಿ ಕೇರುತ್ತಿದ್ದರು. "ದಿಣ್ಣೆಗೆ ಮಣ್ಣು ತುಂಬ್ತಾರಂತಾ?" ಎಂದು ಕೇಳಿದರು. ಹೌದು ಎಂದೆ.

"ಬ್ಯಾಡ ಕಣಮ್ಮಿ."

"ಯಾಕೆ ಬೇಡ, ಕಾರಣ ಹೇಳಿ."

ಮೊರ ಕೆಳಗಿಟ್ಟು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಮತ್ತೆ ಕೇರತೊಡಗಿದರು. ನಾನು ಗೆದ್ದೆ ಎಂದುಕೊಂಡೆ.

ಆ ಬೇಸಿಗೆ ಇಡೀ ಕೇರಿ ದುಡಿಯಿತು. ಮಣ್ಣಿನ ಗಾಡಿ ಬಂದಂತೆಲ್ಲ ನಾನೇ ನಿಂತು ಹದ ನೋಡಿದೆ. ಗಂಡಸರು ದಿಮ್ಮಿಸೆ ಬಡಿದರು, ಕುರಿಮಂದೆ ಬಿಟ್ಟು ತುಳಿಸಿದರು. ಹೊಳೆಯ ಕಡೆಯ ಮೈಯನ್ನು ಗೋಡೆಯ ಹಾಗೆ ನೆಟ್ಟಗೆ ಕೆತ್ತಿಸಿದೆ. ನೋಡಲು ಎಷ್ಟು ಲಕ್ಷಣವಾಗಿತ್ತೆಂದರೆ ಮೇಲಿನ ಕೇರಿಯವರೂ ಸಂಜೆ ಅದರ ಮೇಲೆ ಓಡಾಡಲು ಬರುತ್ತಿದ್ದರು. ಜನ ಅದಕ್ಕೆ "ದುದ್ದದವಳ ಏರಿ" ಎಂದು ಹೆಸರಿಟ್ಟರು. ಅತ್ತೆ ಒಂದು ಮಂಕರಿ ಮಣ್ಣನ್ನೂ ಹೊರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ತಮ್ಮ ಪಾಡಿಗೆ ತಾವು ಹೊಳೆಗಿಳಿದು, ಸಿಕ್ಕಿದ ನಾಲ್ಕು ಕಲ್ಲನ್ನು ತೊಳೆದು ಏರಿಯ ಬುಡಕ್ಕೆ ಸುರಿದು ಬರುತ್ತಿದ್ದರು. "ಮುದುಕಿಗೆ ಅರಳುಮರಳು" ಎಂದು ಜನ ನಕ್ಕರು. ನಾನೂ ಸುಮ್ಮನೆ ನಕ್ಕೆ.

ಎರಡು ಮಳೆಗಾಲ ಕೇರಿಗೆ ಒಂದು ತೊಟ್ಟು ನೀರು ಬರಲಿಲ್ಲ. ಜನ ರಾಗಿಯನ್ನು ಅಟ್ಟಕ್ಕೇರಿಸುವುದನ್ನೇ ಮರೆತರು.

ಮೂರನೆಯ ವರ್ಷ ಚಿತ್ತೆ ಹಿಡಿದಾಗ ಗಾಡಿಪಟ್ಟಿಯವನ ಹೆಂಡತಿ ಹೆಣ್ಣು ಹೆತ್ತು ಒಂಬತ್ತು ದಿನವಾಗಿತ್ತು. ಅವನೂ ನನ್ನ ಗಂಡನೂ ಮಂಡ್ಯಕ್ಕೆ ಹೋಗಿದ್ದರು. ಇವರು ಕಬ್ಬಿನ ಗಾಡಿ ಹೊಡೆದುಕೊಂಡು, ಅವನು ಕಬ್ಬಿಣ ತರಲು. ಮೂರು ದಿನದಿಂದ ಜಡಿಮಳೆ. ಬಾಣಂತಿಗೆ ಭಯ. ಹಿಂದಿನ ದಿನ ಅವಳಿಗೆ ಖಾರದ ಸಾರು ಕೊಡಲು ಹೋದಾಗ ನಾನೇ ಹೇಳಿ ಬಂದಿದ್ದೆ: "ಬೆಚ್ಚಗೆ ಮಲಗು. ಏರಿ ಇದೆ."

ಮಾರನೆಯ ದಿನ ಬೆಳಿಗ್ಗೆ ಹೊಳೆ ಏರಿಯ ಮುಕ್ಕಾಲು ಪಾಲಿಗೆ ಬಂದಿತ್ತು. ಅತ್ತೆ ಗೋಣಿಕೊಪ್ಪೆ ಹಾಕಿಕೊಂಡು ನೋಡಿ ಬಂದರು. ಬಂದವರು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಬಟ್ಟೆಕಲ್ಲಿನ ಬುಡ ಒಣಗೈತೆ ಕಣಮ್ಮಿ."

"ಒಣಗಿದ್ದರೆ ಒಳ್ಳೇದೇ ಅಲ್ಲವಾ?"

"ಒಳೆ ಅಲ್ಗಂಟ ಬಂದೈತೆ. ಇವೊತ್ತಿಗೆ ಅಲ್ಲಿ ನೀರು ಒಸರ್ಬೇಕಿತ್ತು. ಒಸರ್ತಾ ಇಲ್ಲ. ಆ ನೀರೆಲ್ಲ ಆಚೆ ಕಡೆ ಏನ್ ಮಾಡ್ತಾ ಐತೆ?"

ಅತ್ತೆ ಹತ್ತಿರ ಬಂದರು. "ನಾನು ಓಗಿ ಎದ್ದೇಳು ಅಂದೆ. ಅಕ್ಕ ಏರಿ ಐತೆ ಅಂದವ್ಳೆ, ಬುಡಮ್ಮ ಅಂತಾಳೆ. ನಿನ್ ಮಾತು ನಂಬವ್ಳೆ. ನೀನೇ ಓಗಿ ಹೇಳ್ಬೇಕು. ಏರಿ ನಿಲ್ಲಾಕಿಲ್ಲ ಅನ್ನು."

ಏರಿ ನಿಲ್ಲುವುದಿಲ್ಲ ಎಂದು ನಾನೇ, ನನ್ನ ಬಾಯಿಂದ, ಕೇರಿಯೆಲ್ಲ ನೋಡುತ್ತಿರುವಾಗ ಹೇಳಬೇಕು. "ನೋಡೋಣ" ಎಂದೆ.

ನೋಡೋಣ ಎಂದವಳು ಏನು ಮಾಡಿದೆ ಎಂಬುದು ಇಂದಿಗೂ ಒಂದೊಂದಾಗಿ ನೆನಪಿದೆ. ಒಲೆ ಸಾರಿಸಿದೆ. ನೆನೆಸಿದ ಅವರೆಕಾಳು ಸುಲಿದೆ. ಹಸುವಿಗೆ ಹುಲ್ಲು ಹಾಕಿದೆ. ಸಾರಿಗೆ ಒಗ್ಗರಣೆ ಕೊಟ್ಟೆ. ನಡುವೆ ಎರಡು ಸಲ ಬಾಗಿಲಿಗೆ ಬಂದು ಏರಿಯನ್ನು ನೋಡಿದೆ. ಅದು ಅಲುಗದೆ ನಿಂತಿತ್ತು. ನೋಡಿದಿರಾ ಎಂದು ಮನಸ್ಸಿನಲ್ಲೇ ಅತ್ತೆಗೆ ಹೇಳಿಕೊಂಡೆ. ಅವರು ಮಳೆಯಲ್ಲೇ ಮನೆಮನೆಗೂ ಹೋಗಿ ಕೂಗುತ್ತಿದ್ದರು. ಅರ್ಧ ಜನ ಎದ್ದರು, ಅರ್ಧ ಜನ ಬಾಗಿಲಲ್ಲಿ ನಿಂತು ನನ್ನ ಮನೆಯ ಕಡೆ ನೋಡಿದರು. ನಾನು ಹೊರಡುತ್ತೇನೋ ಇಲ್ಲವೋ ಎಂದು. ಬೆಳಗಿನ ರೊಟ್ಟಿ ಹೊತ್ತಿನಿಂದ ಮಧ್ಯಾಹ್ನದ ಮುದ್ದೆ ಹೊತ್ತಿನವರೆಗೆ ಹೀಗೇ ಕಳೆಯಿತು.

ಮೂರನೆಯ ಸಲ ಬಾಗಿಲಿಗೆ ಬಂದಾಗ ಏರಿಯ ಮೇಲೆ ಗರಿಕೆಯ ನಡುವೆ ಒಂದು ಗೆರೆ ಕಂಡಿತು. ಉದ್ದಕ್ಕೆ, ದಾರ ಎಳೆದ ಹಾಗೆ. ನೀರುಗಂಟಿಯ ಮಗಳಿಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಬುಡ ಕೊರೆದು ಹೋಗಿ ಮೈ ಸೀಳುತ್ತಿತ್ತು.

ಓಡಿದೆ. ಬಾಣಂತಿ ಕಂಬಳಿ ಹೊದ್ದು ಕೂತಿದ್ದಳು. "ಏಳು. ಏರಿ ನಿಲ್ಲುವುದಿಲ್ಲ. ನಾನು ಕಟ್ಟಿದ್ದು ತಪ್ಪು, ಏಳು" ಎಂದೆ. ಅವಳು ಕೂಸನ್ನು ನನ್ನ ಕೈಗೆ ಕೊಟ್ಟು ಎದ್ದಳು. ಅಂಗಳದಲ್ಲಿ ತಿದಿ, ಕಬ್ಬಿಣ ಬಡಿಯುವ ಅಡಿಗಲ್ಲು, ಪಟ್ಟಿ ಬಗ್ಗಿಸುವ ಅಚ್ಚು, ಸುತ್ತಿಗೆಗಳು ಸಾಲಾಗಿದ್ದವು. "ಅಕ್ಕ, ಸಾಮಾನು?" ಎಂದಳು. "ಹೊತ್ತಿಲ್ಲ" ಎಂದೆ. ಅಷ್ಟರಲ್ಲಿ ಓಡಿ ಬಂದ ಅತ್ತೆ ಅವಳ ರಟ್ಟೆ ಹಿಡಿದರು. ನಾವು ದಿಬ್ಬದ ಅರ್ಧಕ್ಕೆ ಬರುವಷ್ಟರಲ್ಲಿ ಹಿಂದೆ ಹುಲ್ಲಿನ ಬಣವೆ ಕುಸಿದಂಥ ಸದ್ದಾಯಿತು. ಜೋರಾಗಿಯೂ ಇರಲಿಲ್ಲ. ತಿರುಗಿ ನೋಡಿದಾಗ ಮೊದಲನೆಯ ಮನೆ ಇರಲಿಲ್ಲ. ಹೊಳೆ ಅಲ್ಲಿ ನಡೆಯುತ್ತಿತ್ತು.

ಏರಿ ಹೋಗುವುದನ್ನು ನೋಡಿ ಬಾಗಿಲಲ್ಲಿ ನಿಂತಿದ್ದವರೆಲ್ಲ ಹೇಗೋ ಓಡಿ ಬಂದರು. ಜೀವ ಯಾರದೂ ಹೋಗಲಿಲ್ಲ. ಏಳು ಮನೆ, ಒಂದಷ್ಟು ದನ, ಕೇರಿಯ ರಾಗಿಯೆಲ್ಲ ಹೋಯಿತು. ಗಾಡಿಪಟ್ಟಿಯವನ ಸಾಮಾನೊಂದೂ ಸಿಗಲಿಲ್ಲ. ಮೂರು ತಲೆಮಾರಿನ ಅಡಿಗಲ್ಲು ಎಲ್ಲಿ ಹೂತುಹೋಯಿತೋ. ನೀರಿಳಿದ ಮೇಲೆ ಅವನು ಎಂಟು ದಿನ ಕೆಸರಿನಲ್ಲಿ ಕಂಬಿ ಚುಚ್ಚಿ ಚುಚ್ಚಿ ಹುಡುಕಿದ. ಒಂಬತ್ತನೆಯ ದಿನ ಹೆಂಡತಿ, ಮಗುವನ್ನು ಕರೆದುಕೊಂಡು ಮಂಡ್ಯಕ್ಕೆ ಹೋದ. ಗುತ್ತಲಿನಲ್ಲಿ ಇನ್ಯಾರದೋ ಶೆಡ್ಡಿನಲ್ಲಿ, ಇನ್ಯಾರದೋ ಸುತ್ತಿಗೆ ಹಿಡಿದು ಕೂಲಿಗೆ ನಿಂತ ಎಂದು ತಿಳಿಯಿತು. ಬೆಳಿಗ್ಗೆ ಅತ್ತೆ ಹೇಳಿದಾಗಲೇ ನಾನು ಹೋಗಿದ್ದರೆ ಆ ಸಾಮಾನನ್ನೆಲ್ಲ ನಾಲ್ಕು ಸಲ ಹೊತ್ತು ಮೇಲಕ್ಕೆ ಹಾಕಬಹುದಿತ್ತು. ಅತ್ತೆ ಹೋಗೆಂದರೂ ನಾನು ಮನೆಯಲ್ಲೇ ಉಳಿದದ್ದು ಗೊತ್ತಿದ್ದವರು ಇಬ್ಬರೇ, ನಾನು ಮತ್ತು ಅತ್ತೆ. ಏರಿಯ ತಪ್ಪನ್ನು ಜನ ನನ್ನ ಮುಖಕ್ಕೇ ಹೇಳಿದರು, ಕೇಳಿಸಿಕೊಂಡೆ. ಆದರೆ ಆ ಅರ್ಧ ದಿನದ ಸಂಗತಿ ಅತ್ತೆಯ ಬಾಯಿಂದ ಹೊರಗೆ ಬರಲಿಲ್ಲ. ಮಗನಿಗೂ ಹೇಳಲಿಲ್ಲ. ನಾಳೆ ಹೇಳುತ್ತಾರೆ, ನಾಳಿದ್ದು ಹೇಳುತ್ತಾರೆ ಎಂದು ನಾನು ಹೆದರಿಕೊಂಡೇ ಇದ್ದೆ.

ಕಲ್ಲು ಯಾಕೆ ಉರುಳಬೇಕು ಎಂಬುದು ನನಗೆ ಆಮೇಲೆ ಅರ್ಥವಾಯಿತು. ಬಿಡಿ ಕಲ್ಲಿನ ದಿಣ್ಣೆಗೆ ನೀರು ಬಡಿದರೆ ಕಲ್ಲು ನಾಲ್ಕು ಉರುಳು ಉರುಳಿ ಇಳಿಜಾರಾಗಿ ಕೂರುತ್ತದೆ. ಸ್ವಲ್ಪ ನೀರನ್ನು ಸಂದಿನಲ್ಲಿ ಒಳಗೆ ಬಿಟ್ಟುಕೊಳ್ಳುತ್ತದೆ. ಉರುಳಿಸಿ ಉರುಳಿಸಿ ಹೊಳೆಗೇ ಸುಸ್ತಾಗುತ್ತದೆ. ಮಣ್ಣು ಮೆತ್ತಿ ನೆಟ್ಟಗೆ ನಿಲ್ಲಿಸಿದರೆ ನೀರು ಬುಡಕ್ಕೆ ಬಡಿದು ಬಡಿದು ಕೊರೆಯುತ್ತದೆ, ಒಳಗಿರುವವರಿಗೆ ಒಂದು ಹನಿಯ ಸುಳಿವೂ ಸಿಗುವುದಿಲ್ಲ. ಹೋದಾಗ ಇಡಿಯಾಗಿ ಹೋಗುತ್ತದೆ. ಅತ್ತೆಯ ಎರಡು ಕಟ್ಟಳೆಯಲ್ಲಿ ಇಷ್ಟೂ ಇತ್ತು. ಅವರಿಗೆ ಹೇಳಲು ಬರಲಿಲ್ಲ, ನನಗೆ ಕೇಳಲು ಬರಲಿಲ್ಲ.

ಯುದ್ಧ ಮುಗಿದು ಲಾರಿಗಳು ಬರುವುದು ನಿಂತಿತು. ಹೊಳೆ ತಾನೇ ಕಲ್ಲು ತಂದು ಹಾಕತೊಡಗಿತು. ಆದರೆ ಕೆಳಗೆ ಕೊಚ್ಚಿಹೋಗಿದ್ದ ಹಳೆಯ ಕಲ್ಲಿಗೆಲ್ಲ ನನ್ನ ಜೇಡಿಮಣ್ಣು ಸಿಮೆಂಟಿನ ಹಾಗೆ ಮೆತ್ತಿಕೊಂಡಿತ್ತು. ಮೊದಲೆಲ್ಲ ಎರಡು ಅದ್ದಿಗೆ ಕೆಸರು ಬಿಡುತ್ತಿದ್ದ ಮಂಕರಿ ಈಗ ಹತ್ತು ಅದ್ದಿದರೂ ಬಿಡುತ್ತಿರಲಿಲ್ಲ. ತೆಂಗಿನ ನಾರು ಹಾಕಿ ಒಂದೊಂದೇ ಕಲ್ಲನ್ನು ಉಜ್ಜಬೇಕಾಗಿತ್ತು. ಬೇರೆ ಸೊಸೆಯರು ಬೈದುಕೊಂಡೇ ಉಜ್ಜಿದರು. ನಾನು ಬಾಯಿ ಬಿಡದೆ ಉಜ್ಜಿದೆ. ನಾನು ಬಾಯಿ ಬಿಡದೆ ಮಾಡಿದ ಕೆಲಸ ಆ ಊರಿನಲ್ಲಿ ಅದೊಂದೇ.

ಸ್ವಾತಂತ್ರ್ಯ ಬರುವುದಕ್ಕೆ ಏಳೆಂಟು ತಿಂಗಳ ಮುಂಚೆ, ಸಂಕ್ರಾಂತಿ ಕಳೆದ ವಾರ, ನಾವು ಹೊಳೆಯಲ್ಲಿದ್ದಾಗ ಗಾಡಿಪಟ್ಟಿಯವನ ಹೆಂಡತಿ ಮಗಳನ್ನು ಕರೆದುಕೊಂಡು ಬಂದಳು. ಮಳವಳ್ಳಿಯಲ್ಲಿ ಯಾರದೋ ಮದುವೆಗೆ ಹೋಗುವವಳು, ನಮ್ಮನ್ನು ನೋಡಲೆಂದೇ ಬಸ್ಸು ಇಳಿದಿದ್ದಳಂತೆ. ಸೊರಗಿದ್ದಳು. ಮಗು ಮಾತ್ರ ಗುಂಡಗೆ, ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತಿತ್ತು. ಅವಳು ಅದನ್ನು ಎತ್ತಿ ನನ್ನ ಮುಂದೆ ನಿಲ್ಲಿಸಿ, "ನೋಡು, ಈ ದೊಡ್ಡಮ್ಮ ಬಂದು ಹೇಳ್ಲಿಲ್ಲ ಅಂದಿದ್ರೆ ನೀನೂ ಇಲ್ಲ, ನಾನೂ ಇಲ್ಲ. ದೇವ್ರು ಕಳ್ಸಿದಂಗೆ ಹೊತ್ತಿಗೆ ಸರಿಯಾಗಿ ಬಂದ್ರು" ಎಂದಳು.

ಹೊತ್ತಿಗೆ ಸರಿಯಾಗಿ. ಆ ಮಾತು ಕೇಳಿ ನನ್ನ ಕೈಯ ಮಂಕರಿ ನೀರಿನಲ್ಲೇ ನಿಂತಿತು. ಈಗ ಹೇಳಿಬಿಡಬೇಕು, ಇದಕ್ಕಿಂತ ಬೇರೆ ಹೊತ್ತು ಸಿಗುವುದಿಲ್ಲ ಅನಿಸಿತು. ಬಾಯಿ ತೆರೆದೆ. ಪಕ್ಕದಲ್ಲಿ ಅತ್ತೆ ಇದ್ದರು. ಆ ಹೊತ್ತಿಗೆ ಅವರ ಕಣ್ಣು ಮಂಜಾಗಿತ್ತು, ಕೆಸರನ್ನು ಬೆರಳಿನಲ್ಲೇ ನೋಡುತ್ತಿದ್ದರು. ಅವರು ನನ್ನ ಕಡೆ ತಿರುಗಲಿಲ್ಲ. ಕೈ ಚಾಚಿ ನನ್ನ ಮಂಕರಿಯೊಳಗೆ ಬೆರಳಾಡಿಸಿದರು.

"ಇನ್ನೂ ಜಾರ್ತಾ ಐತೆ ಕಣಮ್ಮಿ" ಎಂದರು. "ಸುಮ್ಕೆ ಇನ್ನೊಂದ್ಸತಿ ಅದ್ದು."

ಅದ್ದಿದೆ.